ಮುಂದಿನ ಮಗು

ಹಳೆಯದನ್ನೆಲ್ಲ ಮರೆತು ಮುಂದಿನದನ್ನು ನೋಡಬೇಕು ಎಂದು ಉಪದೇಶ ಮಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಇಂಥವರು ಎಲ್ಲ ಕಡೆಯೂ ಇರುತ್ತಾರೆ. ಆಫೀಸಿನ ಬೀಳ್ಕೊಡುಗೆಯಲ್ಲಿ ಹಾರ ಹಾಕಿಸಿಕೊಂಡವರ ಪಕ್ಕದಲ್ಲಿ ನಿಂತು ಹೇಳುತ್ತಾರೆ, ಸಾವಾದ ಮನೆಯಲ್ಲಿ ವೈಕುಂಠ ಸಮಾರಾಧನೆಯ ಎಲೆ ಎತ್ತುವ ಮೊದಲೇ ಹೇಳುತ್ತಾರೆ. ಇನ್ನು ಕೆಲವರು ಸ್ವಲ್ಪ ಬುದ್ಧಿವಂತರು. ಹಿಂದಿನದೂ ಇರಲಿ, ಮುಂದಿನದೂ ಇರಲಿ, ಎರಡನ್ನೂ ತೂಗಿಸಿಕೊಂಡು ಹೋಗಬೇಕು ಎನ್ನುತ್ತಾರೆ. ಹೇಳುವುದಕ್ಕೇನು, ಅವರ ಗಂಟೇನು ಹೋಗುತ್ತದೆ? ತಕ್ಕಡಿ ಹಿಡಿದು ನಿಂತವರಿಗೆ ಯಾವುದನ್ನು ಯಾವ ತಟ್ಟೆಗೆ ಹಾಕಬೇಕೆಂದು ಗೊತ್ತಿರಬೇಕಲ್ಲ. ಚೆನ್ನೈನಲ್ಲಿದ್ದಾಗ ಒಂದು ವರ್ಷ ನನ್ನ ಕೈಗೂ ಆ ತಕ್ಕಡಿ ಕೊಟ್ಟಿದ್ದರು.

ಮೊನ್ನೆ ಆಫೀಸಿನ ಕೆಲಸದ ಮೇಲೆ ಮತ್ತೆ ಆ ಊರಿಗೆ ಹೋಗಬೇಕಾಯಿತು. ಕೆಲಸ ಬೇಗ ಮುಗಿದು ಟಿ. ನಗರದಲ್ಲಿ ಸುಮ್ಮನೆ ನಡೆಯುತ್ತಿದ್ದಾಗ ಮಳೆ ಹಿಡಿದುಕೊಂಡಿತು. ಓಡಿಹೋಗಿ ಒಂದು ರೇಷ್ಮೆ ಸೀರೆಯ ಅಂಗಡಿಯ ಬಾಗಿಲಲ್ಲಿ ನಿಂತೆ. ಒಳಗಿನ ತಣ್ಣನೆಯ ಗಾಳಿಯೊಂದಿಗೆ ಹೊಸ ರೇಷ್ಮೆಯ ವಾಸನೆ, ಕಾಲೊರೆಸಲು ಹಾಸಿದ್ದ ಒದ್ದೆ ಗೋಣಿತಾಟಿನ ವಾಸನೆ, ಯಾರದೋ ಮುಡಿಯ ಮಲ್ಲಿಗೆ ಎಲ್ಲ ಸೇರಿ ಮೂಗಿಗೆ ಬಡಿಯಿತು. ಬಾಗಿಲಲ್ಲಿದ್ದ ಹುಡುಗಿ ನಗುತ್ತ ಒಳಗೆ ಬನ್ನಿ ಮೇಡಂ ಎಂದು ತಮಿಳಿನಲ್ಲಿ ಕರೆದಳು. ನಾನು ಹೋಗಲಿಲ್ಲ. ಕೊಡೆಯಿಲ್ಲದಿದ್ದರೂ ರಸ್ತೆಗಿಳಿದು ನೆನೆದುಕೊಂಡೇ ಬಸ್ ಸ್ಟ್ಯಾಂಡಿಗೆ ನಡೆದೆ. ಈ ಹೆಂಗಸಿಗೆ ತಲೆ ಕೆಟ್ಟಿದೆ ಎಂದು ಆ ಹುಡುಗಿ ಅಂದುಕೊಂಡಿರಬೇಕು.

ಅದು ತೊಂಬತ್ತೊಂಬತ್ತನೇ ಇಸವಿ. ನನ್ನ ಗಂಡ ಪ್ರಸನ್ನ ಕಾಮಾಲೆಯಾಗಿ ತೀರಿಕೊಂಡು ಮೂರು ವರ್ಷವಾಗಿತ್ತು. ಮಗಳು ಮೇಘಾಗೆ ನಾಲ್ಕೂವರೆ. ಅಪ್ಪನ ಮುಖ ಅವಳಿಗೆ ಗೊತ್ತಿದ್ದದ್ದು ಗೋಡೆಯ ಫೋಟೋದಿಂದಷ್ಟೇ. ನಾನು ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತೆಯಾಗಿದ್ದೆ. ಆ ಬೇಸಿಗೆಯಲ್ಲಿ ಬಡ್ತಿ ಕೊಟ್ಟು ಚೆನ್ನೈಗೆ ಎತ್ತಿ ಹಾಕಿದರು. ಎಲ್ಲರಿಗೂ ಸಂತೋಷವೋ ಸಂತೋಷ. ಹೊಸ ಊರು, ಹೊಸ ಜನ, ನಿನಗೂ ಎಲ್ಲ ಮರೆಯುತ್ತದೆ ಎಂದರು. ಅಮ್ಮ ನಮ್ಮ ಅಕ್ಕನ ಮನೆಯಲ್ಲಿದ್ದಳು, ಅವಳೂ ಕಣ್ಣೊರೆಸಿಕೊಂಡು ಅದನ್ನೇ ಹೇಳಿದಳು.

ಚೆನ್ನೈನಲ್ಲಿ ನನ್ನ ಅಣ್ಣ ಗುರುರಾಜ ಇದ್ದ. ನಾವೆಲ್ಲ ಗುರಣ್ಣ ಎನ್ನುತ್ತಿದ್ದೆವು. ಮೋಟಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರು, ಆ ಊರು ಸೇರಿ ಎಂಟು ವರ್ಷವಾಗಿತ್ತು. ವಡಪಳನಿಯಲ್ಲಿ ಮುರುಗನ್ ಗುಡಿಯ ಹಿಂದಿನ ಬೀದಿಯಲ್ಲಿ ಒಂದು ಮಹಡಿ ಮನೆ. ಕೆಳಗಡೆ ಸಿನಿಮಾ ಸ್ಟುಡಿಯೋಗಳಿಗೆ ಬಣ್ಣ ಹಚ್ಚಲು ಹೋಗುವ ಸಂಸಾರವೊಂದಿತ್ತು. ಮಾಲತಿ ಅತ್ತಿಗೆ ನನಗೂ ಮೇಘಾಗೂ ಮುಂಭಾಗದ ಕೋಣೆ ಬಿಟ್ಟುಕೊಟ್ಟರು. ಅವರು ಮಾತು ಕಡಿಮೆ, ಮುಖ ನೋಡಿದರೆ ಒಳಗೇನಿದೆ ಎಂದು ತಿಳಿಯುತ್ತಿರಲಿಲ್ಲ. ಆದರೆ ಮೇಘಾಳ ತಟ್ಟೆಗೆ ತುಪ್ಪ ಹಾಕುವಾಗ ತಮ್ಮ ಮಕ್ಕಳಿಗೆ ಹಾಕಿದಷ್ಟೇ ಹಾಕುತ್ತಿದ್ದರು. ಅದು ನನಗೆ ಸಾಕಾಗಿತ್ತು.

ನಾವು ಹೋದದ್ದು ಕತ್ತರಿ ಬಿಸಿಲಿನಲ್ಲಿ. ಮೇ ತಿಂಗಳ ಆ ಬಿಸಿಲಿಗೆ ಅಲ್ಲಿ ಹಾಗೇ ಹೆಸರು. ಬೆಳಗಾಗುತ್ತಲೇ ನೀರಿನ ಲಾರಿ ಬರುತ್ತಿತ್ತು, ಬೀದಿಯ ಹೆಂಗಸರೆಲ್ಲ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡ ಹಿಡಿದು ಸಾಲು ನಿಲ್ಲುತ್ತಿದ್ದರು. ನಾನೂ ನಿಲ್ಲುತ್ತಿದ್ದೆ. ನೀರು ಹೊತ್ತು ಮಹಡಿ ಹತ್ತಿ, ಸ್ನಾನ ಮಾಡಿ, ಮತ್ತೆ ಬೆವರಿ, ನುಂಗಂಬಾಕ್ಕಂನ ಆಫೀಸಿಗೆ ಬಸ್ಸಿನಲ್ಲಿ ಜೋತುಬೀಳುತ್ತಿದ್ದೆ. ಕಂಡಕ್ಟರು ‘ಮುನ್ನಾಡಿ ಪೋಮ್ಮಾ, ಮುನ್ನಾಡಿ ಪೋ’ ಎಂದು ಕೂಗುತ್ತಿದ್ದ. ಮುಂದಕ್ಕೆ ಹೋಗು ಎಂದರ್ಥ. ನಾನು ಸರಿಯಾಗಿ ಕಲಿತ ಮೊದಲ ತಮಿಳು ಅದೇ. ಅವರ ಮುನ್ನಾಡಿ ನಮ್ಮ ಮುಂದೆ, ಇದರಲ್ಲೇನು ಕಷ್ಟ, ಎರಡೂ ಒಂದೇ ತಾಯಿಯ ಮಕ್ಕಳು ಎಂದುಕೊಂಡೆ. ಹಾಗೆ ಅಂದುಕೊಂಡದ್ದು ಎಷ್ಟು ದುಬಾರಿಯಾಯಿತು ಎಂಬುದು ಆಮೇಲಿನ ಕಥೆ.

ಮೇಘಾಗೆ ಮಾತ್ರ ಯಾವ ಕಷ್ಟವೂ ಆಗಲಿಲ್ಲ. ಜೂನಿನಲ್ಲಿ ಪಕ್ಕದ ಬೀದಿಯ ಶಾಲೆಗೆ ಸೇರಿಸಿದೆ, ದೀಪಾವಳಿಯ ಹೊತ್ತಿಗೆ ನಾನು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರ ಹೇಳುತ್ತಿದ್ದಳು. ಹಾಲು ಕುಡಿಯೇ ಎಂದರೆ ವೇಣಾಂ, ಬೇಡ ಎಂದು. ತಲೆ ಬಾಚುತ್ತೀನಿ ಬಾರೇ ಎಂದರೆ ಅಪ್ಪರಂ. ಅಪ್ಪರಂ ಎಂದರೆ ಆಮೇಲೆ ಎಂದು ನಾನು ಅವಳಿಂದಲೇ ಕಲಿತೆ.

ಗುರಣ್ಣನಿಗೆ ನನ್ನನ್ನು ಕಂಡರೆ ಪ್ರೀತಿ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಅವನ ಪ್ರೀತಿಗೆ ಯಾವಾಗಲೂ ಅವಸರ. ಕಾರ್ಖಾನೆಯಲ್ಲಿ ಕೆಟ್ಟ ಭಾಗ ತೆಗೆದು ಹೊಸದು ಹಾಕಿದರೆ ಗಾಡಿ ಓಡುತ್ತದೆ, ಅಷ್ಟೇ ಅವನ ಲೆಕ್ಕ. ನಾನು ಬಂದ ತಿಂಗಳೊಳಗೆ ನನ್ನ ಮದುವೆಯ ಮಾತು ಎತ್ತಿದ. ಬೇಡ ಎಂದೆ. ಬಿಡಲಿಲ್ಲ. ಊಟಕ್ಕೆ ಕೂತಾಗ, ಟಿವಿ ನೋಡುವಾಗ, ಬಸ್ಸಿಗೆ ಹೊರಟು ಚಪ್ಪಲಿ ಹಾಕಿಕೊಳ್ಳುವಾಗ ಅದೇ ರಾಗ. ಇಪ್ಪತ್ತೊಂಬತ್ತು ವಯಸ್ಸಿಗೆ ಯಾರಾದರೂ ಗೋಡೆ ನೋಡಿಕೊಂಡು ಕೂರುತ್ತಾರಾ, ಮುಂದಿಂದು ನೋಡು ಎನ್ನುತ್ತಿದ್ದ. ನಾನು ಗೋಡೆ ನೋಡಿಕೊಂಡು ಕೂತಿರಲಿಲ್ಲ. ನೀರು ಹೊರುತ್ತಿದ್ದೆ, ಸಂಬಳ ತರುತ್ತಿದ್ದೆ, ಮಗಳ ಮೂಗು ಒರೆಸುತ್ತಿದ್ದೆ. ಅದು ಅವನ ಕಣ್ಣಿಗೆ ಕಾಣುತ್ತಿರಲಿಲ್ಲ. ಕೊನೆಗೆ ಅಮ್ಮನೂ ಫೋನಿನಲ್ಲಿ ಅತ್ತದ್ದಕ್ಕೆ, ಒಂದು ಷರತ್ತಿನ ಮೇಲೆ ಒಪ್ಪಿದೆ. ಮಗು ನನ್ನ ಜೊತೆಗೇ ಇರಬೇಕು, ಅದನ್ನು ಅವರಿಗೆ ಮೊದಲೇ ಹೇಳಬೇಕು ಎಂದೆ. ಹೇಳಿದ್ದೀನಿ ಎಂದ.

ಸಂಬಂಧ ತಿರುವಲ್ಲಿಕೇಣಿಯದು. ನಾಲ್ಕು ತಲೆಮಾರಿನಿಂದ ಮದ್ರಾಸಿನಲ್ಲೇ ಇದ್ದ ನಮ್ಮ ಕಡೆಯ ವೈಷ್ಣವರ ಮನೆ. ತಾಯಿ ಪದ್ಮಾವತಿಯಮ್ಮ. ಮಗ ಶ್ರೀಧರ, ಪ್ಯಾರೀಸ್ ಕಾರ್ನರಿನಲ್ಲಿ ಬಂದರಿನ ಸರಕು ಬಿಡಿಸಿಕೊಡುವ ಕಂಪನಿಯೊಂದರ ಆಫೀಸಿನಲ್ಲಿ ಕೆಲಸ. ಹೆಂಡತಿ ಐದು ವರ್ಷದ ಹಿಂದೆ ಕಾಯಿಲೆಯಿಂದ ಹೋಗಿದ್ದಳು, ಮಕ್ಕಳಿರಲಿಲ್ಲ. ಶ್ರಾವಣದ ಒಂದು ಭಾನುವಾರ ಗುರಣ್ಣ ನನ್ನನ್ನೂ ಮೇಘಾಳನ್ನೂ ಕರೆದುಕೊಂಡು ಹೋದ. ಅತ್ತಿಗೆ ಬರಲಿಲ್ಲ, ಮಗನಿಗೆ ಜ್ವರವಿತ್ತು.

ಆ ಮನೆಯ ಕನ್ನಡ ಕೇಳಿ ನನಗೆ ಮೊದಲು ನಗು ಬಂತು. ಕ್ರಿಯಾಪದ ಕನ್ನಡದ್ದು, ಮಿಕ್ಕದ್ದೆಲ್ಲ ತಮಿಳು. ಆದರೂ ಪರವೂರಿನಲ್ಲಿ ಕನ್ನಡ ಎಂದು ಕಿವಿಗೆ ಬಿದ್ದದ್ದೇ ಹಿತವಾಗಿತ್ತು. ಪದ್ಮಾವತಿಯಮ್ಮ ಮೇಘಾಳನ್ನು ಹತ್ತಿರ ಕೂರಿಸಿಕೊಂಡು ಮುರುಕು ಕೊಟ್ಟರು, ಕೆನ್ನೆ ಸವರಿದರು, ಕೂದಲು ಎಷ್ಟು ದಟ್ಟ ಎಂದರು. ಪಕ್ಕದ ಮನೆಯಾಕೆ ಇಣುಕಿದಾಗ, ಮುಂದಿನವಳು ಬಲು ಸಾಧು, ಎದುರು ಮಾತೇ ಇಲ್ಲ ಎಂದು ಅವಳಿಗೆ ಹೇಳಿದರು. ಬರಲಿರುವ ಸೊಸೆಯನ್ನು ಒಂದು ಗಂಟೆ ನೋಡಿ ಇಷ್ಟು ಹೊಗಳುತ್ತಾರಲ್ಲ ಎಂದು ನಾನು ನಾಚಿಕೊಂಡೆ. ಶ್ರೀಧರ ತಲೆ ತಗ್ಗಿಸಿ ಕೂತಿದ್ದರು. ಮುಖದಲ್ಲಿ ಕೆಟ್ಟತನ ಕಾಣಲಿಲ್ಲ.

ಕಾಫಿ ಮುಗಿದ ಮೇಲೆ ಮೇಘಾಳನ್ನು ಪಕ್ಕದ ಮನೆಯಾಕೆಯ ಜೊತೆ ತಾರಸಿಗೆ ಕಳಿಸಿ, ಪದ್ಮಾವತಿಯಮ್ಮ ನನ್ನ ಕೈ ಹಿಡಿದುಕೊಂಡರು.

‘ನಂದು ಒಂದೇ ಒಂದು ಮಾತುಮ್ಮಾ. ಮುಂದಿನ ಮಗು ನಮಗೆ ವೇಣಾಂ. ಮಿಕ್ಕದ್ದೆಲ್ಲ ನಿನ್ನ ಇಷ್ಟ.’

ನನಗೆ ಕಣ್ಣಲ್ಲಿ ನೀರು ಬಂತು. ಸ್ವಂತ ಮೊಮ್ಮಗು ಇಲ್ಲದ ಮುದುಕಿ, ಇನ್ನೊಂದು ಮಗು ಬೇಡ, ಇರುವ ಇದೊಂದೇ ಸಾಕು ಎನ್ನುತ್ತಿದ್ದಾರೆ. ನನ್ನ ಮಗಳಿಗೆ ಮಲತಮ್ಮ ಮಲತಂಗಿ ಎಂಬ ತಂಟೆಯೇ ಇರುವುದಿಲ್ಲ. ಎಂಥ ದೊಡ್ಡ ಮನಸ್ಸು ಎಂದುಕೊಂಡೆ. ನಗುತ್ತ ಹೇಳಿದೆ, ‘ನನಗೂ ಅಷ್ಟೇ ಬೇಕಾಗಿದ್ದು ಅಮ್ಮ. ನೀವೇ ಬಾಯಿಬಿಟ್ಟು ಹೇಳಿದ್ರಿ, ನನ್ನ ಭಾರ ಇಳೀತು.’

ಶ್ರೀಧರ ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದರು. ಪದ್ಮಾವತಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ನಿನ್ನದು ಗಟ್ಟಿ ಮನಸ್ಸಮ್ಮ ಎಂದರು. ಇನ್ನು ಮುಂದೆ ಬಸಿರಾಗುವುದಿಲ್ಲ ಎಂದು ಒಪ್ಪಿದ್ದಕ್ಕೆ ಹಾಗೆ ಹೇಳುತ್ತಿದ್ದಾರೆ ಎಂದೇ ನಾನು ತಿಳಿದೆ.

ಮನೆಗೆ ಬಂದು ಅತ್ತಿಗೆಯ ಹತ್ತಿರ ಹೇಳಿದ್ದೇ ಹೇಳಿದ್ದು. ನೋಡಿ ಅತ್ತಿಗೆ, ಇನ್ನೊಂದು ಮಗು ಬೇಡವೇ ಬೇಡ ಅಂದ್ರು, ಇದೊಂದೇ ಸಾಕಂತೆ. ಅತ್ತಿಗೆ ಅನುಮಾನದಿಂದ ಹುಬ್ಬು ಗಂಟಿಕ್ಕಿ, ಹಾಗೆ ಅಂದರಾ ಎಂದು ಗುರಣ್ಣನ ಕಡೆ ನೋಡಿದರು. ಅವನು ಕೈಗಡಿಯಾರ ಬಿಚ್ಚುತ್ತಿದ್ದ. ಸ್ನಾನಕ್ಕೆ ನೀರಿದೆಯಾ ಎಂದು ಕೇಳಿ ಒಳಗೆ ಹೋದ.

ಮದುವೆ ಕಾರ್ತೀಕದಲ್ಲಿ ಎಂದು ಗೊತ್ತಾಯಿತು. ನವರಾತ್ರಿಯಲ್ಲಿ ಗೊಂಬೆ ನೋಡಲು ಕರೆದರು, ಹೋಗಿದ್ದೆ. ಮೇಘಾ ಗೊಂಬೆಗಳ ಮುಂದೆ ಶಾಲೆಯ ಹಾಡು ಹೇಳಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು. ಶ್ರೀಧರ ಮಾತ್ರ ಅವಳು ಹತ್ತಿರ ಹೋದಾಗಲೆಲ್ಲ ಎದ್ದು ಬೇರೆ ಕಡೆ ಹೋಗುತ್ತಿದ್ದರು. ಮಕ್ಕಳ ಅಭ್ಯಾಸವಿಲ್ಲದ ಗಂಡಸು, ಸಂಕೋಚ, ಹೊಂದಿಕೊಳ್ಳುತ್ತಾರೆ ಎಂದುಕೊಂಡೆ. ಆ ಎರಡು ತಿಂಗಳು ನಾನು ನಿಜವಾಗಿ ಸಂತೋಷದಲ್ಲಿದ್ದೆ. ಫೋಟೋಗೆ ಹೂವಿಡುವಾಗ ಪ್ರಸನ್ನನಿಗೆ ಮನಸ್ಸಿನಲ್ಲೇ ಹೇಳುತ್ತಿದ್ದೆ, ನಿನ್ನ ಮಗಳಿಗೆ ಒಂದು ಮನೆ ಸಿಕ್ಕಿತು ಎಂದು. ಅದನ್ನು ನೆನೆದರೆ ಈಗಲೂ ನನ್ನ ರಕ್ತ ಕುದಿಯುತ್ತದೆ.

ದೀಪಾವಳಿಯ ಸುಮಾರಿಗೆ ಸುರಿಯುವ ಐಪ್ಪಸಿ ಮಳೆ ಹಿಡಿಯಿತು. ಬೇಸಿಗೆಯಿಡೀ ಒಂದು ಕೊಡ ನೀರಿಗೆ ಕಿತ್ತಾಡುತ್ತಿದ್ದ ಬೀದಿಯಲ್ಲಿ ಮೊಣಕಾಲುದ್ದ ನೀರು ನಿಂತಿತು. ಅಂಥ ಮಳೆಯ ಒಂದು ಶನಿವಾರ ಪದ್ಮಾವತಿಯಮ್ಮ ಸೀರೆ ತೆಗೆಯಲು ಟಿ. ನಗರಕ್ಕೆ ಬರಹೇಳಿದರು. ನಾವಿಬ್ಬರೇ. ಬಿಳಿ ಹಾಸಿಗೆಯ ಮೇಲೆ ಕೂತು ಧಾರೆ ಸೀರೆ ಆರಿಸಿದೆವು. ಅವರೇ ಒಂದು ಜರಿಯಂಚಿನ ಅರಿಶಿನ ಬಣ್ಣದ್ದು ಹಿಡಿದು ಚೆನ್ನಾಗಿ ಒಪ್ಪುತ್ತದೆ ಎಂದರು. ಆಮೇಲೆ ನಾನು ಅಂಗಡಿಯವನಿಗೆ ಮಕ್ಕಳ ಲಂಗದ ರೇಷ್ಮೆ ತೋರಿಸಪ್ಪ ಎಂದೆ. ಗಿಳಿಹಸಿರಿನದೊಂದು ಹಿಡಿಸಿತು. ಮೇಘಾಳ ಸೊಂಟದಿಂದ ಕಾಲಿನವರೆಗೆ ಎಷ್ಟಾದೀತು ಎಂದು ಗೇಣು ಹಾಕುತ್ತಿದ್ದೆ.

ಇದು ಯಾಕಮ್ಮ ಈಗ ಎಂದು ಅವರು ಕೇಳಿದರು. ಮೇಘಾಗೆ, ಧಾರೆಯ ದಿನಕ್ಕೆ ಎಂದೆ. ಅಷ್ಟರಲ್ಲಿ ಅದನ್ನು ಊರಿಗೆ ಕಳಿಸಿರುತ್ತೀಯಲ್ಲ ಎಂದರು. ಯಾವ ಊರಿಗೆ, ಯಾಕೆ ಎಂದೆ. ಅವರು ನನ್ನ ಮುಖವನ್ನೇ ನೋಡಿದರು.

‘ಆವತ್ತೇ ಹೇಳಿದೆನಲ್ಲಮ್ಮ, ಮುಂದಿನ ಮಗು ವೇಣಾಂ ಅಂತ. ನೀನೂ ಸೆರಿ ಅಂದೆ.’

‘ಮುಂದಿನ ಮಗು ಬೇಡ ಅಂದ್ರಿ. ಇವಳು ಇರೋ ಮಗು.’

‘ಇರೋದೇ ಮುಂದಿನದು. ಮೊದಲಿನ ಗಂಡಂದು. ಏನಮ್ಮಾ, ನಿಂಗೆ ಕನ್ನಡ ಬರಲ್ವಾ?’

ನಮ್ಮಿಬ್ಬರ ನಡುವೆ ಏನು ತಕರಾರು ಎಂದು ತಿಳಿಯದ ಅಂಗಡಿಯವನು ಉಪಕಾರ ಮಾಡಲು ಬಂದ. ಮುಂದಿನ ಎಂದರೆ ಮೊದಲು ಆಗಿಹೋದದ್ದು ಮೇಡಂ, ಮುಂದಿನ ದಿವಸ ಎಂದರೆ ಅದಕ್ಕೆ ಹಿಂದಿನ ದಿವಸ ಎಂದು ಬಿಡಿಸಿ ಬಿಡಿಸಿ ಹೇಳಿದ. ತಮಿಳಿನಲ್ಲಿ ಹಾಗಂತೆ. ಬಸ್ಸಿನಲ್ಲಿ ಮುಂದಕ್ಕೆ ಹೋಗು ಎಂದರೆ ಮುಂದಕ್ಕೇ. ಆದರೆ ಕಾಲದ ಮಾತು ಬಂದಾಗ ಮುಂದಿನದು ಎಂದರೆ ಹಿಂದಿನದು. ನಾಲ್ಕು ತಲೆಮಾರು ಅಲ್ಲಿದ್ದ ಆ ಮನೆಯವರ ಕನ್ನಡದೊಳಗೆ ಆ ತಮಿಳು ಸದ್ದಿಲ್ಲದೆ ಬಂದು ಕೂತಿತ್ತು. ಪದ ನಮ್ಮದೇ, ಉಚ್ಚಾರವೂ ನಮ್ಮದೇ, ಅರ್ಥ ಮಾತ್ರ ತಲೆಕೆಳಗು. ಮುಂದಿನವಳು ಬಲು ಸಾಧು ಎಂದದ್ದೂ ನನ್ನನ್ನಲ್ಲ, ತೀರಿಹೋದ ಆ ಹೆಂಡತಿಯನ್ನು. ಸತ್ತವಳ ಹೊಗಳಿಕೆಗೆ ನಾನು ನಾಚಿಕೊಂಡು ಕೂತಿದ್ದೆ.

ಪದ್ಮಾವತಿಯಮ್ಮ ಕೂಗಾಡಲಿಲ್ಲ. ತಗ್ಗಿದ ದನಿಯಲ್ಲಿ ಸಮಾಧಾನ ಹೇಳಿದರು. ಮಗು ಅಜ್ಜಿಯ ಹತ್ತಿರ ಚೆನ್ನಾಗಿ ಬೆಳೆಯುತ್ತದೆ, ನೀನು ಹೋಗಿ ಬಂದು ಮಾಡು, ಯಾರು ಬೇಡ ಎನ್ನುತ್ತಾರೆ. ನಾಳೆ ನಮ್ಮ ಮನೆಯದೂ ಒಂದು ಹುಟ್ಟುತ್ತದೆ, ಆಗ ಎರಡನ್ನೂ ಒಂದೇ ಕಣ್ಣಿನಿಂದ ನೋಡುವುದು ನಿನ್ನಿಂದಲೂ ಆಗದು, ನನ್ನಿಂದಲೂ ಆಗದು. ಮೊದಲೇ ಬಿಡಿಸಿಕೊಂಡರೆ ಎಲ್ಲರಿಗೂ ಒಳ್ಳೆಯದು. ಬಿಡಿಸಿಕೊಳ್ಳುವುದು ಎಂಬ ಮಾತನ್ನು ಅವರು ಅವರೆಕಾಯಿ ಬಿಡಿಸುವಷ್ಟು ಹಗುರವಾಗಿ ಆಡಿದರು. ನಾನು ಹಸಿರು ರೇಷ್ಮೆಯನ್ನು ಮಡಿಸಿ ಅಂಗಡಿಯವನ ಕೈಗೆ ಕೊಟ್ಟು ಎದ್ದೆ. ಅಲ್ಲಿ ಬಾಯಿ ತೆರೆದಿದ್ದರೆ ಏನು ಬರುತ್ತಿತ್ತೋ ನನಗೇ ಗೊತ್ತಿಲ್ಲ.

ದಾರಿಯುದ್ದಕ್ಕೂ ನನಗಿದ್ದದ್ದು ಒಂದೇ ಯೋಚನೆ. ಪಾಪ ಗುರಣ್ಣನಿಗೂ ಮೋಸವಾಯಿತು, ಅವನಿಗೆ ಹೇಗೆ ಹೇಳಲಿ ಎಂದು. ಮನೆಗೆ ಬಂದು ಒದ್ದೆ ಸೀರೆಯಲ್ಲೇ ನಿಂತು ನಡೆದದ್ದನ್ನೆಲ್ಲ ಒದರಿದೆ. ಅವನು ಪೇಪರು ಮಡಿಸಿಟ್ಟ. ಆಶ್ಚರ್ಯಪಡಲಿಲ್ಲ. ಅತ್ತಿಗೆ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು. ಆಗ ನನಗೆ ಹೊಳೆಯಿತು.

‘ನಿನಗೆ ಗೊತ್ತಿತ್ತಾ, ಗುರಣ್ಣ?’

‘ಎಂಟು ವರ್ಷದಿಂದ ಇದೇ ಊರಲ್ಲಿದೀನಿ ಕಣೇ, ಅಷ್ಟು ಗೊತ್ತಾಗಲ್ವಾ?’

ಗೊತ್ತಿತ್ತು. ಆವತ್ತು ಆ ಮನೆಯಲ್ಲಿ ನಾನು ನಗುತ್ತ ಒಪ್ಪಿದಾಗ ಪಕ್ಕದಲ್ಲೇ ಕೂತಿದ್ದ. ಮನೆಗೆ ಬಂದು ಅತ್ತಿಗೆಯ ಮುಂದೆ ನಾನು ಕುಣಿದಾಗಲೂ ಕೇಳಿಸಿಕೊಂಡಿದ್ದ. ಮಗುವಿನ ವಿಷಯ ಅವರಿಗೆ ಹೇಳಿದ್ದೀನಿ ಎಂದದ್ದೂ ಅರ್ಧ ನಿಜ. ಹೇಳಿದ್ದ, ಅವರು ಆಗದು ಎಂದಿದ್ದರು, ಅಲ್ಲಿಗೆ ಹೋದಾಗ ಹೇಗೋ ಸರಿಹೋಗುತ್ತದೆ ಎಂದು ಬಿಟ್ಟಿದ್ದ. ನಾನೇ ತಪ್ಪಾಗಿ ತಿಳಿದುಕೊಂಡು ಹೂಂ ಎಂದೆ, ಅವನ ಕೆಲಸ ಸುಲಭವಾಯಿತು. ಯಾರೂ ಸುಳ್ಳು ಹೇಳಬೇಕಾಗಲಿಲ್ಲ. ಮದುವೆಯೊಂದು ಆಗಿಹೋದರೆ ಆಮೇಲೆ ನಾನು ಒಗ್ಗಿಕೊಳ್ಳುತ್ತೀನಿ ಎಂದು ಅವನ ಎಣಿಕೆ. ಇದನ್ನೆಲ್ಲ ಅವನು ನಿಧಾನವಾಗಿ, ನನಗೆ ಬುದ್ಧಿ ಹೇಳುವ ಧಾಟಿಯಲ್ಲಿ ಹೇಳಿದ. ಕೊನೆಗೆ ಅದೇ ಮಾತು.

‘ಹಳೇದನ್ನ ಎಷ್ಟು ದಿನ ಕಟ್ಕೊಂಡಿರ್ತೀಯ, ಸುಮಾ?’

‘ಅವಳು ಹಳೇದಲ್ಲ. ಅವಳಿಗಿನ್ನೂ ಐದು ವರ್ಷ ತುಂಬಿಲ್ಲ.’

ನನ್ನ ದನಿ ನನಗೇ ಗುರುತು ಸಿಗದಷ್ಟು ತಣ್ಣಗಿತ್ತು. ಕಿರುಚಿದ್ದರೆ ಅವನಿಗೂ ಒಳ್ಳೆಯದಿತ್ತೇನೋ. ನಾನು ಕೇಳುತ್ತೇನೆ, ಈಗಲೂ ಕೇಳುತ್ತೇನೆ, ಇವರ ತಕ್ಕಡಿಯಲ್ಲಿ ಆ ಮಗು ಯಾವ ತಟ್ಟೆಯದು? ಅವಳ ಅಪ್ಪ ಸತ್ತವನು, ಆದ್ದರಿಂದ ಅವಳು ಹಿಂದಿನದು. ಸರಿ. ಆದರೆ ಬೆಳಗ್ಗೆ ಎದ್ದರೆ ಅವಳಿಗೆ ಹಲ್ಲುಜ್ಜಿಸಬೇಕು, ಮುಂದಿನ ಜೂನಿಗೆ ಒಂದನೇ ತರಗತಿಗೆ ಹೋಗುತ್ತಾಳೆ, ಓದಬೇಕು, ದೊಡ್ಡವಳಾಗಬೇಕು. ಆ ಮನೆಯಲ್ಲಿದ್ದ ಎಲ್ಲರಿಗಿಂತ ಹೆಚ್ಚು ಕಾಲ ಬದುಕಬೇಕಾದವಳು ಅವಳು. ಅವಳನ್ನು ಹಳೆಯ ಸಾಮಾನಿನ ಜೊತೆ ಅಟ್ಟಕ್ಕೆ ಎಸೆದು, ಇನ್ನೂ ಹುಟ್ಟದ ಒಂದಕ್ಕೆ ತೊಟ್ಟಿಲು ಕಟ್ಟಲು ಹೊರಟಿದ್ದರು. ಇದಕ್ಕೆ ಮುಂದಾಲೋಚನೆ ಎಂದು ಹೆಸರು ಬೇರೆ.

ಸೋಮವಾರ ಮಧ್ಯಾಹ್ನ ಆಫೀಸಿಗೆ ರಜೆ ಹಾಕಿ ಪ್ಯಾರೀಸ್ ಕಾರ್ನರಿಗೆ ಹೋದೆ. ಮಳೆ ಬಿಟ್ಟಿರಲಿಲ್ಲ. ಸಗಟು ಅಂಗಡಿಗಳ ಸಂದಿಗಳಲ್ಲಿ ಚರಂಡಿ ಯಾವುದು ರಸ್ತೆ ಯಾವುದು ತಿಳಿಯುತ್ತಿರಲಿಲ್ಲ, ಕೂಲಿಯವರು ಮೂಟೆಗಳ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಓಡುತ್ತಿದ್ದರು. ಕೇಳಿ ಕೇಳಿ ಶ್ರೀಧರ ಅವರ ಆಫೀಸು ಹುಡುಕಿದೆ. ಅವರು ಗಾಬರಿಯಿಂದ ಕೆಳಗಿಳಿದು ಬಂದರು. ಎದುರಿನ ಟೀ ಅಂಗಡಿಯ ತಗಡಿನ ಮಾಡಿನ ಕೆಳಗೆ ನಿಂತೆವು.

ತಾಯಿಯಿಂದ ಅವರಿಗೆ ವಿಷಯ ತಿಳಿದಿತ್ತು. ನಾನು ತಪ್ಪಾಗಿ ತಿಳಿದು ಒಪ್ಪಿದ್ದೆ ಎಂಬುದನ್ನು ಅವರು ನಂಬಿದರು. ಅಷ್ಟೇ ಅಲ್ಲ, ಮುಖ ಹಗುರಾಗಿತ್ತು. ಅಮ್ಮನಿಗೆ ನಾನು ಹೇಳುತ್ತೇನೆ, ನೀವು ಮಗುವನ್ನು ಕರೆದುಕೊಂಡೇ ಬನ್ನಿ, ನನ್ನದೇನೂ ಅಡ್ಡಿಯಿಲ್ಲ ಎಂದರು. ಸುಳ್ಳು ಯಾಕೆ ಹೇಳಲಿ, ಒಂದು ಕ್ಷಣ ನನ್ನ ಕೋಪ ಇಳಿಯಿತು. ಅಲ್ಲಿಗೆ ಬಿಟ್ಟಿದ್ದರೆ ಬಹುಶಃ ಮದುವೆ ಆಗಿಯೇ ಹೋಗುತ್ತಿತ್ತು. ಆದರೆ ನನಗೆ ಒಂದು ಪ್ರಶ್ನೆ ಕೇಳದೆ ಇರಲಾಗಲಿಲ್ಲ. ಈ ಎರಡು ತಿಂಗಳು ನೀವು ನನ್ನನ್ನು ಎಂಥವಳು ಅಂದುಕೊಂಡಿದ್ದಿರಿ ಎಂದು ಕೇಳಿದೆ.

ಅವರು ಟೀ ಲೋಟ ಕೆಳಗಿಟ್ಟರು. ಆಮೇಲೆ ಹೇಳಿದರು.

‘ನೀವು ನಗ್ತಾ ಒಪ್ಪಿದ್ರಿ. ಭಾರ ಇಳೀತು ಅಂದ್ರಿ. ನನಗೆ ಐದು ವರ್ಷ ಆದ್ರೂ ಅವಳ ಸೀರೆ ಬೀರುವಿಂದ ತೆಗೆಯೋಕೆ ಆಗಿಲ್ಲ. ಇವರು ಹೆತ್ತ ಮಗೂನೇ ಬಿಟ್ಟು ಬರ್ತಾರೆ, ಇವರ ಜೊತೆ ಇದ್ರೆ ನನಗೂ ಮರೆಯೋದು ಬರುತ್ತೆ ಅಂದ್ಕೊಂಡೆ.’

ನನ್ನ ಜೀವಮಾನದಲ್ಲಿ ಯಾವ ಬೈಗುಳವೂ ನನಗೆ ಅಷ್ಟು ತಾಗಿಲ್ಲ. ಅವರು ಬೈಯುತ್ತಿರಲಿಲ್ಲ, ಅದೇ ಕಷ್ಟ. ನಿಜವನ್ನೇ ಹೇಳುತ್ತಿದ್ದರು. ಕರುಳು ಕಿತ್ತಿಟ್ಟು ಬರುವ ಹೆಂಗಸೊಬ್ಬಳಿದ್ದಾಳೆ ಎಂದು ನಂಬಿ, ಅದಕ್ಕೇ ಅವಳನ್ನು ಮೆಚ್ಚಿದ್ದರು. ನವರಾತ್ರಿಯಲ್ಲಿ ನನ್ನ ಮಗಳು ಹತ್ತಿರ ಬಂದಾಗ ಎದ್ದು ಹೋಗುತ್ತಿದ್ದದ್ದು ಸಂಕೋಚಕ್ಕಲ್ಲ, ಅವಳ ಮುಖ ನೋಡಲಾರದೆ. ನೋಡಲಾರದಿದ್ದರೂ ತಾಯಿಗೆ ಬೇಡ ಎಂದು ಒಂದು ಮಾತು ಹೇಳಲಿಲ್ಲ. ಇವರು ಒಳ್ಳೆಯವರೇ ಇರಬೇಕು. ಒಳ್ಳೆಯವರು ಬಾಯಿ ಮುಚ್ಚಿಕೊಂಡು ಕೂತರೆ ಒಂದು ಮಗು ಎಲ್ಲಿ ಹೋಗಿ ಬೀಳುತ್ತದೆ ಎಂಬುದನ್ನು ನೆನೆದೇ ನನಗೆ ಇಳಿದಿದ್ದ ಸಿಟ್ಟು ಮತ್ತೆ ಏರಿತು.

‘ಆ ಹೆಂಗಸು ನಾನಲ್ಲ. ನೀವು ಒಪ್ಪಿಕೊಂಡಿದ್ದು ಅವಳನ್ನ. ನನಗೆ ಮರೆಯೋದು ಬರಲ್ಲ, ಇನ್ನೊಬ್ಬರಿಗೆ ಹ್ಯಾಗೆ ಕಲಿಸಲಿ?’

ನಾನು ಮಳೆಗಿಳಿದೆ.

ಆಮೇಲಿನದು ಹೇಳಲು ಹೆಚ್ಚಿಲ್ಲ. ಸಂಕ್ರಾಂತಿ ಕಳೆದ ಮೇಲೆ ಅತ್ತಿಗೆಯೇ ಮುಂದಾಗಿ ಪಕ್ಕದ ಬೀದಿಯಲ್ಲಿ ನನಗೊಂದು ಒಂಟಿಕೋಣೆಯ ಮನೆ ಹುಡುಕಿಕೊಟ್ಟರು. ಮೂರು ವರ್ಷ ಅಲ್ಲಿದ್ದು ಮೈಸೂರಿಗೆ ವರ್ಗ ಮಾಡಿಸಿಕೊಂಡೆ. ಮತ್ತೆ ಮದುವೆಯಾಗಲಿಲ್ಲ. ಆಗಬಾರದೆಂದು ಹಟವೇನೂ ಇರಲಿಲ್ಲ, ಪ್ರಸನ್ನನ ಫೋಟೋ ಹಿಡಿದುಕೊಂಡು ಅಳುತ್ತಲೂ ಕೂರಲಿಲ್ಲ. ಕೇಳಿಕೊಂಡು ಬಂದವರೆಲ್ಲ ಮಗಳ ವಿಷಯವನ್ನು ದನಿ ತಗ್ಗಿಸಿ ಎತ್ತುತ್ತಿದ್ದರು. ದನಿ ತಗ್ಗಿದ ತಕ್ಷಣ ನಾನು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ. ಗುರಣ್ಣ ಮಾಡಿದ್ದನ್ನು ನಾನು ಮರೆತಿಲ್ಲ. ಹಬ್ಬ ಹರಿದಿನಕ್ಕೆ ಮಾತಾಡುತ್ತೇವೆ, ನೆನಪಾದಾಗ ಇವತ್ತಿಗೂ ಸಿಟ್ಟು ಬರುತ್ತದೆ, ಬಂದರೆ ಬರಲಿ ಎಂದು ಬಿಟ್ಟಿದ್ದೇನೆ.

ಆದರೆ ಆ ವರ್ಷ ಎಂದರೆ ನನಗೆ ಕಣ್ಣಿಗೆ ಕಟ್ಟುವುದು ಪ್ಯಾರೀಸ್ ಕಾರ್ನರಿನಿಂದ ಮನೆಗೆ ಬಂದ ಆ ಸಂಜೆ. ಮಳೆಗೆಂದು ಶಾಲೆಗಳಿಗೆ ರಜೆ ಕೊಟ್ಟಿದ್ದರು, ನಾಳೆ ತೆರೆಯುತ್ತವೆ ಎಂದು ಆಗಷ್ಟೇ ರೇಡಿಯೋದಲ್ಲಿ ಹೇಳಿತ್ತು. ಮದುವೆ ಇಲ್ಲ, ನಾನೇ ಹೇಳಿ ಬಂದೆ ಎಂದೆ. ಗುರಣ್ಣ ಕುರ್ಚಿಯಿಂದ ಏಳಲಿಲ್ಲ. ಇಷ್ಟು ಒಳ್ಳೆಯ ಸಂಬಂಧವನ್ನು ಕಾಲಿನಿಂದ ಒದ್ದೆ ಎಂದ. ಜನಕ್ಕೆ ಏನು ಹೇಳಲಿ ಎಂದ. ನಾನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಬಾಗಿಲ ಹತ್ತಿರ ಮೇಘಾಳ ಕಪ್ಪು ಶೂ ಬಿದ್ದಿದ್ದವು, ಒಳಗೆಲ್ಲ ನೀರು, ಹೊರಗೆಲ್ಲ ಕೆಸರು. ಇನ್ನೊಂದು ಜೊತೆ ಇರಲಿಲ್ಲ. ಅವನ್ನು ತೊಳೆದು, ಅವನು ಮಡಿಸಿಟ್ಟಿದ್ದ ಪೇಪರನ್ನೇ ಹರಿದು ಒಳಗೆ ತುರುಕತೊಡಗಿದೆ.

‘ಸರಿ, ಎಲ್ಲ ಬೇಡ ಅಂತೀಯ. ಹಾಗಾದ್ರೆ ಮುಂದೇನು?’ ಎಂದ.

‘ನಾಳೆ ಸ್ಕೂಲಿದೆ. ಶೂ ಒಣಗಬೇಕು.’

ಅತ್ತಿಗೆ ಒಲೆಯ ಮೇಲಿದ್ದ ಸಾರಿನ ಪಾತ್ರೆಯನ್ನು ಇಳಿಸಿ, ಕಬ್ಬಿಣದ ಕಾವಲಿ ಇಟ್ಟು ಉರಿ ಸಣ್ಣ ಮಾಡಿ ನನಗೆ ಜಾಗ ಬಿಟ್ಟರು. ಕಾವಲಿಯ ಅಂಚಿಗೆ ಎರಡೂ ಶೂ ಒರಗಿಸಿ ಅಲ್ಲೇ ಕೂತೆ. ತೊಗಲಿನಿಂದ ಹಬೆ ಏಳತೊಡಗಿತು. ಒಳಗೆ ಆಡುತ್ತಿದ್ದ ಮೇಘಾ ವಾಸನೆಗೆ ಮೂಗು ಮುಚ್ಚಿಕೊಂಡು ಓಡಿಬಂದಳು. ನನ್ನ ಬೆನ್ನ ಮೇಲೆ ಬಿದ್ದು, ಭುಜದ ಮೇಲಿಂದ ಬಗ್ಗಿ ನೋಡಿ, ಅಮ್ಮಾ ಶೂ ಬೇಯಿಸ್ತಿದೀಯಾ ಎಂದು ತಮಿಳಿನಲ್ಲಿ ಕೇಳಿದಳು.

ಹೂಂ, ನಾಳೆಗೆ ಎಂದೆ.